ಶ್ರುತಿ ತಗ್ಗಿದ ಮೇಲೆ

ಸೋಮವಾರ ಬೆಳಿಗ್ಗೆ ಮೂರನೇ ತರಗತಿಯ ಹಾಜರಿ ಕರೆಯುತ್ತಿದ್ದೆ. ನಾಲ್ಕು ಹೆಸರು ಬಂದವು. ಐದನೆಯದು ಬರಲಿಲ್ಲ. ಬಾಯಿ ತೆರೆದಿತ್ತು, ಉಸಿರು ಹೊರಟಿತ್ತು, ಸದ್ದಿರಲಿಲ್ಲ. ಮಕ್ಕಳು ಆಟವೆಂದುಕೊಂಡು ತಾವೂ ಬರೀ ಬಾಯಿ ಆಡಿಸಿ ನಕ್ಕರು.

ನಾನೂ ನಕ್ಕೆ. ನಗುವಿಗೂ ದನಿಯಿರಲಿಲ್ಲ.

ಹಿಂದಿನ ದಿನ ಜ್ವರವಿದ್ದರೂ ಹಗರಿಬೊಮ್ಮನಹಳ್ಳಿಯ ನಮ್ಮ ಸಭೆಯಲ್ಲಿ ಹಾಡು ಎತ್ತಿದ್ದೆ. ತಗಡಿನ ಮಾಡಿನ ಸಣ್ಣ ಚರ್ಚು ನಮ್ಮದು. ಮೊದಲ ಸಾಲು ಒಬ್ಬರು ಹಾಡಬೇಕು, ಉಳಿದವರು ಅದೇ ಶ್ರುತಿ ಹಿಡಿದು ಹಿಂದೆ ಬರಬೇಕು. ಶಾಲೆ ಮುಗಿಸಿದಾಗಿನಿಂದ ಆ ಕೆಲಸ ನನ್ನದು. ನನ್ನ ಶ್ರುತಿ ಎತ್ತರ. ದೇವರಿಗೆ ಕೊಡಲು ನನ್ನ ಬಳಿ ಇದ್ದ ಒಳ್ಳೆಯ ವಸ್ತು ಅದೊಂದೇ ಎಂದು ನಂಬಿದ್ದೆ.

ಹೊಸಪೇಟೆಯ ಇಎನ್‌ಟಿ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ದನಿ ಹೊರಡಿಸುವ ವೋಕಲ್ ಕಾರ್ಡ್‌ನಲ್ಲಿ ರಕ್ತ ಒಸರಿತ್ತು.

"ಪೂರ್ತಿ ವಾಯ್ಸ್ ರೆಸ್ಟ್. ಪಿಸುಮಾತೂ ಬ್ಯಾಡ್ರಿ, ಅದಕ್ಕೂ ಪೆಟ್ಟು ಬೀಳ್ತೈತಿ."

"ಹಾಡು?" ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

"ಮಾತು ಬರ್ತಾವ್ರಿ. ಹಾಡಿಂದು ಈಗ ಹೇಳಾಕ ಬರಂಗಿಲ್ಲ."

ವಾಪಸು ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ದಿನವೂ ಡೈರಿ ಬರೆಯುವವಳು. ಆ ದಿನದ್ದನ್ನು ಅಲ್ಲೇ ಬರೆದೆ. ಜ್ವರ ಇಲ್ಲ. ನೋವು ಇಲ್ಲ. ದನಿ ಇಲ್ಲ.

ಮರುದಿನದಿಂದ ಮನೆಗೆ ಜನ. ಸಭೆಯವರು ಪ್ರಾರ್ಥನೆಗೆ ಬಂದು ಎಲ್ಲರೂ ಪಿಸುಗುಟ್ಟತೊಡಗಿದರು, ನಾನು ಸಾಯುತ್ತಿದ್ದೇನೋ ಎಂಬಂತೆ. ದನಿ ಎತ್ತಬಾರದೆಂದು ಡಾಕ್ಟರು ಹೇಳಿದ್ದು ನನಗೆ, ಅವರಿಗಲ್ಲ! ಪಕ್ಕದ ಮನೆಯ ಕೊಟ್ರಮ್ಮತ್ತಿಯದು ತದ್ವಿರುದ್ಧ. ಅವಳು ಹಿಟ್ಟಿನ ಗಿರಣಿ ನಡೆಸುವವಳು. ಮೊದಲೇ ದೊಡ್ಡ ದನಿ. ಮಾತು ನಿಂತವಳಿಗೆ ಕಿವಿಯೂ ನಿಂತಿದೆ ಎಂದುಕೊಂಡಳು.

"ರೂತವ್ವಾ! ನುಚ್ಚು ತಂದೀನಿ! ನುಚ್ಚು!"

"ಅತ್ತಿ, ಆಕಿ ಕಿವಿ ಚಲೋ ಅದಾವ," ಎಂದಳು ಅವ್ವ. "ಗಂಟಲಷ್ಟ ಕೆಟ್ಟೈತಿ."

"ಗೊತ್ತೈತಿ ಬಿಡವ್ವ. ಗಟ್ಟಿಯಾಗಿ ಹೇಳಿದ್ರ ಗಂಟಲಿಗೂ ಕೇಳಸ್ತೈತಿ." ನನ್ನ ತಲೆ ಸವರಿದಳು. "ನಮ್ಮ ಕೊಟ್ರಪ್ಪಗೂ ಹೇಳೀನಿ, ನಿಮ್ಮ ಯೇಸಪ್ಪಗೂ ಹೇಳೀನಿ. ಇಬ್ಬರಾಗ ಯಾರು ಮೊದಲು ಬರ್ತಾರ ಬರ್ಲಿ!"

ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಮರೆತು ಬಾಯಿ ತೆರೆದಾಗಲೆಲ್ಲ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಮೊದಲ ದಿನದ ಗೀಟುಗಳಲ್ಲಿ ಹೆಚ್ಚಿನವು ಬೆಕ್ಕಿಗೆ ಬೈಯಲು ಹೋಗಿದ್ದಕ್ಕೆ. ಆಮೇಲೆ ಗೀಟು ಕಡಿಮೆಯಾದವು. ಕಷ್ಟವಾದದ್ದು ಪ್ರಾರ್ಥನೆ. ನನ್ನ ಪ್ರಾರ್ಥನೆ ಯಾವಾಗಲೂ ಗಟ್ಟಿಯಾಗಿ, ಹೆಸರುಗಳ ಸರದಿ ಹಿಡಿದು ಸಾಗುವಂಥದ್ದು. ಈಗ ಹೇಳಲು ದನಿಯಿಲ್ಲ. ಮನಸ್ಸಿನಲ್ಲಿ ಹೇಳಲು ಹೋದರೆ ಗಂಟಲು ತಾನಾಗಿ ಬಿಗಿಯುತ್ತಿತ್ತು. ಕೊನೆಗೆ ಅದನ್ನೂ ಬಿಟ್ಟೆ. ಹೊಸ್ತಿಲ ಮೇಲೆ ಸುಮ್ಮನೆ ಕೂತೆ. ಗಿರಣಿ ತಿರುಗುತ್ತಿತ್ತು, ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಸ್ಟೇಷನ್ ಕಡೆಯಿಂದ ರೈಲು ಕೂಗಿತು. ನಾನು ಏನೂ ಮಾಡದಿದ್ದರೂ ಬಿಸಿಲು ಅಂಗಳಕ್ಕೆ ಬಂತು. ಆರು ದಿನಗಳಲ್ಲಿ ಸೃಷ್ಟಿ ಮುಗಿಸಿದ ದೇವರೂ ಏಳನೆಯ ದಿನ ಕೈ ಕಟ್ಟಿ ಕೂತನಲ್ಲ, ಆ ದಿನ ಅವನ ಪಕ್ಕದಲ್ಲಿ ನನಗೂ ಜಾಗವಿದೆ ಅನಿಸಿತು. ಕೇಳಲೂ ಇಲ್ಲ, ಹಾಡಲೂ ಇಲ್ಲ. ಇಬ್ಬರೂ ಸುಮ್ಮನಿದ್ದೆವು.

ಮತ್ತೆ ಹೊಸಪೇಟೆ. ರಕ್ತ ಕರಗಿತ್ತು. ಗಾಯದ ಗುರುತು ಉಳಿದಿತ್ತು.

"ಮಾತಾಡ್ರಿ," ಎಂದರು ಡಾಕ್ಟರು.

"ಏನು ಮಾತಾಡ್ಲಿ ಸರ್?" ನನ್ನ ಬಾಯಿಂದ ಹೊರಟದ್ದು ಯಾರದೋ ದನಿ. ಒರಟು, ತಗ್ಗು. ಅವ್ವ ತಿರುಗಿ ನೋಡಿದಳು.

"ಸ್ಪೀಚ್ ಥೆರಪಿ ಮಾಡೋಣ. ಆದ್ರ ಎತ್ತರದ ಸ್ವರ ಮತ್ತ ಬರೂದು ಅನುಮಾನ."

ಅಂದು ಡೈರಿ ಬರೆಯಲಿಲ್ಲ.

ಥೆರಪಿಯ ಹಲವು ವಾರಗಳ ನಂತರ ಮೆಲ್ಲಗೆ ಹಾಡಬಹುದೆಂದು ಅನುಮತಿ ಸಿಕ್ಕಿತು. ಗುಣವಾದವರು ಎದ್ದು ನಿಂತು ಸಾಕ್ಷಿ ಹೇಳುವುದು ನಮ್ಮ ಸಭೆಯ ರೂಢಿ. ಪೂರ್ತಿ ಗುಣವಾಗದವಳು ಏನು ಹೇಳಲಿ? ಆ ಭಾನುವಾರ ಎಲ್ಲರಿಗಿಂತ ಹಿಂದಿನ ಜಮಖಾನೆಯ ಮೇಲೆ ಕೂತೆ.

ಪಾಸ್ಟರ್ ಕಂಡುಹಿಡಿದರು. "ಸಾಕ್ಷಿ ಬ್ಯಾಡಂದ್ರ ಬಿಡಮ್ಮ. ಹಾಡು ಎತ್ತು."

ಹಳೆಯ ಶ್ರುತಿಯಲ್ಲೇ ಎತ್ತಿದೆ. ಎರಡನೆಯ ಪದಕ್ಕೆ ದನಿ ಒಡೆಯಿತು.

ಕೂತುಬಿಡಲೇ? ಇಲ್ಲ. ಶ್ರುತಿ ಇಳಿಸಿದೆ. ಇನ್ನೂ ಇಳಿಸಿದೆ. ನನಗೆ ಉಳಿದಿದ್ದ ಜಾಗದಿಂದ ಮತ್ತೆ ಶುರು ಮಾಡಿದೆ.

ಗಂಡಸರ ಕಡೆಯಿಂದ ಗುಡುಗಿನಂಥದ್ದೊಂದು ಎದ್ದಿತು. ಇಷ್ಟು ವರ್ಷ ಬರೀ ಚಪ್ಪಾಳೆ ತಟ್ಟಿದವರು ಬಾಯಿ ಬಿಟ್ಟು ಹಾಡುತ್ತಿದ್ದರು. ಢೋಲಕ್ ಬಾರಿಸುವ ಸಾಮುವೇಲ ಮಾವ ಹಾಡಿನಲ್ಲಿ ಮೈಮರೆತು ತಾಳವನ್ನೇ ಬಿಟ್ಟ. ತಗಡು ಅದುರಿತು.

ಆರಾಧನೆ ಮುಗಿದ ಮೇಲೆ ಅವನನ್ನು ಹಿಡಿದೆ. "ಮಾವ, ಇಷ್ಟು ದಿನ ಯಾಕ ಹಾಡಲಿಲ್ಲ?"

"ಹೆಂಗ ಹಾಡಬೇಕವ್ವಾ? ನೀ ಮಾಳಿಗಿ ಮ್ಯಾಲ ನಿಂತು ಕರೀತಿದ್ದಿ. ನಮಗ ಏಣಿ ಎಲ್ಲೈತಿ? ಚಪ್ಪಾಳಿ ಹೊಡಕೊಂತ ಕೆಳಗ ನಿಂತಿದ್ವಿ. ಇವತ್ತ ನೀನ ಇಳದು ಬಂದಿ ನೋಡು."

ನಾವು ಆರಾಧಿಸುವುದು ಮನುಷ್ಯನಾಗಿ ಇಳಿದು ಬಂದ ದೇವರನ್ನೇ. ನನ್ನ ಹಾಡು ಮಾತ್ರ ಇಷ್ಟು ವರ್ಷ ಮೇಲೆಯೇ ನಿಂತಿತ್ತು. ಅದು ಒಡೆಯದೆ ಇಳಿಯುತ್ತಿರಲಿಲ್ಲವೇನೋ.

ಈಗಲೂ ಒಬ್ಬಳೇ ಇದ್ದಾಗ ಹಳೆಯ ಸ್ವರ ಹುಡುಕುತ್ತೇನೆ. ಸಿಗುವುದಿಲ್ಲ. ಅಳು ಬಂದರೆ ಅಳುತ್ತೇನೆ. ಭಾನುವಾರ ಮಾತ್ರ ಅದು ನೆನಪಾಗುವುದಿಲ್ಲ. ಮೊದಲ ಸಾಲು ನಾನು ಎತ್ತುತ್ತೇನೆ. ಆಮೇಲೆ ಗಂಡಸರೆಲ್ಲ ಎಷ್ಟು ಬೇಸುರಾಗಿ, ಎಷ್ಟು ಖುಷಿಯಾಗಿ ಕೂಗಿ ಹಾಡುತ್ತಾರೆಂದರೆ, ನನ್ನ ದನಿ ನನಗೇ ಕೇಳಿಸುವುದಿಲ್ಲ.