ಮೂರು ದಿನದ ಮೊಸರು

ಶನಿವಾರ, ಮಾರ್ಚ್ 14. ಬೆಳಿಗ್ಗೆ 7:40.

ಮಲ್ಟಿಮೀಟರಿನ ಚೀಲದ ಜಿಪ್ ತೆಗೆದಾಗ ಗಂಧದ ವಾಸನೆ ಬಂತು. ವಿದ್ಯುತ್ತನ್ನು ಅಳೆಯುವ ಹಳದಿ ಪೆಟ್ಟಿಗೆಯಿಂದ ಬರಬೇಕಾದ ವಾಸನೆ ಅದಲ್ಲ. ಐದು ತಿಂಗಳ ಹಿಂದೆ ಅದರ ಹಣೆಗೆ, ಅಂದರೆ ಅಂಕಿ ತೋರಿಸುವ ಗಾಜಿನ ಮೇಲ್ತುದಿಗೆ, ಸರೋಜಾ ಆಂಟಿ ಹಚ್ಚಿದ ಗಂಧ ಕುಂಕುಮ ಇನ್ನೂ ಅಲ್ಲೇ ಇದೆ. ಒರೆಸಲೆಂದು ಬಟ್ಟೆ ಕೈಗೆತ್ತಿಕೊಂಡೆ. ಒರೆಸಲಿಲ್ಲ. ಬದಲಿಗೆ ಈ ಡೈರಿ ತೆಗೆದು ಕುಳಿತಿದ್ದೇನೆ. ಒಂಬತ್ತೂವರೆಗೆ ಅವರ ಮನೆಗೆ ಹೊರಡಬೇಕು. ಅಲ್ಲಿಯವರೆಗೆ ನಿಮ್ಮ ಜೊತೆ ಮಾತು.

ಈ ದೇಶಕ್ಕೆ ಬಂದ ಹೊಸತರಲ್ಲಿ ಹನ್ನೊಂದು ತಿಂಗಳು ನಾನು ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಂಟಿ ಧಾರವಾಡದವರು. ಅವರ ಗಂಡ ದಿನಕರ ಅಂಕಲ್ ಕುಂದಾಪುರದ ಕಡೆಯವರು. ಇಪ್ಪತ್ತಾರು ವರ್ಷ ಹೋಟೆಲ್ ನಡೆಸಿ, ಅದನ್ನು ಬೇರೆಯವರಿಗೆ ಒಪ್ಪಿಸಿದ ವಾರವೇ ಒಂದು ಹಳೆಯ ಆರ್‌ವಿ ತಂದು ಮನೆ ಮುಂದೆ ನಿಲ್ಲಿಸಿದ್ದರು. ಮಂಚ, ಒಲೆ, ಸಿಂಕು, ಫ್ರಿಜ್ ಎಲ್ಲವನ್ನೂ ಹೊತ್ತ ಉದ್ದನೆಯ ವ್ಯಾನು. ದಂಪತಿ ಊರೂರು ತಿರುಗುವುದೆಂದು ಲೆಕ್ಕ. ತಿರುಗಿದ್ದು ಒಂದೇ ಸಲ. ವರ್ಮಾಂಟಿಗೆ ಹೋಗುವ ಅರ್ಧ ದಾರಿಯಲ್ಲಿ ಫ್ರಿಜ್ ಕೆಟ್ಟು, ಆಂಟಿಯ ಇನ್ಸುಲಿನ್ ಬೆಚ್ಚಗಾಗಿ, ಗಾಡಿ ತಿರುಗಿಸಿಕೊಂಡು ಬಂದರು. ಆಮೇಲೆ ನಾಲ್ಕು ವರ್ಷ ಆಂಟಿ ತಮ್ಮ ಮನೆಯ ಫ್ರಿಜ್ ಬಿಟ್ಟು ಒಂದು ರಾತ್ರಿಯೂ ಹೊರಗೆ ಕಳೆದಿರಲಿಲ್ಲ. ಅಂಕಲ್ ಮಾತ್ರ ಪ್ರತಿ ಭಾನುವಾರ ಗಾಡಿ ತೊಳೆಯುತ್ತಿದ್ದರು. ಎಲ್ಲಿಗೂ ಹೋಗದ ಗಾಡಿಯನ್ನು ಅಷ್ಟು ಶ್ರದ್ಧೆಯಿಂದ ತೊಳೆಯುವವರನ್ನು ನೋಡಿದರೆ ಸುಮ್ಮನಿರಲಾಗುವುದಿಲ್ಲ.

ಅದೂ ಅಲ್ಲದೆ ನನ್ನ ಕೆಲಸವೇ ಫ್ರಿಜ್ ಕಾಯುವುದು. ಔಷಧ ಕಂಪನಿಯೊಂದರಲ್ಲಿ ಲಸಿಕೆ ಇಡುವ ಶೀತಪೆಟ್ಟಿಗೆಗಳ ತಾಪಮಾನ ಬರೆದು ಸಹಿ ಹಾಕುವವಳು ನಾನು. 'ಆಫೀಸಿನಲ್ಲೂ ಫ್ರಿಜ್ಜು, ರಜೆಯಲ್ಲೂ ಫ್ರಿಜ್ಜು, ನಿನಗೆ ಬರುವ ಗಂಡ ಬೆಚ್ಚಗಿನವನಾಗಿರಲಿ' ಎಂದು ಫೋನಿನಲ್ಲಿ ಅಕ್ಕ ಹರಸಿದಳು.

ಕಳೆದ ಆಗಸ್ಟಿನಿಂದ ಸೆಪ್ಟೆಂಬರಿನವರೆಗೆ ಆರು ಶನಿವಾರ ನಾನೂ ಅಂಕಲೂ ಸೇರಿ ಗಾಡಿಯ ಕೆಲಸ ಮಾಡಿದೆವು. ಹಳೆಯ ಫ್ರಿಜ್ ಹೊರಗೆ ಹೋಯಿತು. ಬ್ಯಾಟರಿಯ ಮೇಲೆಯೇ ನಡೆಯುವ ಹೊಸದು ಬಂತು. ಹಳೆಯ ಬ್ಯಾಟರಿಯ ಜಾಗಕ್ಕೆ ಲಿಥಿಯಂ ಬ್ಯಾಟರಿ, ಗಾಡಿಯ ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನೆಲ್, ಎಷ್ಟು ಬಂತು ಎಷ್ಟು ಹೋಯಿತು ಎಂದು ತೋರಿಸುವ ಮೀಟರ್. ಒಟ್ಟು ವೈರ್ ಜೋಡಣೆ ಇಪ್ಪತ್ತೆರಡು. ಅಂಕಲ್ ಬಿಚ್ಚಿದ ಸ್ಕ್ರೂಗಳನ್ನೆಲ್ಲ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕುತ್ತಿದ್ದರು. ನಾನು ಎಣಿಸುತ್ತಿದ್ದೆ. ಕೊನೆಯಲ್ಲಿ ಮೂರು ಸ್ಕ್ರೂ ಉಳಿದವು. ಎಲ್ಲಿಯವು ಎಂದು ಇಂದಿಗೂ ಗೊತ್ತಿಲ್ಲ.

ಆಂಟಿಗೆ ಮೀಟರ್ ತೋರಿಸಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ನೋಡಿದರು.

"ನೋಡವಾ, ನಿನ್ನ ನಂಬರ್ ನನಗ ತಿಳಿಯೂದಿಲ್ಲ. ಹೆಪ್ಪು ಹಾಕಿದ ಹೊಸಾ ಮೊಸರು ಒಳಗ ಇಡ್ತೀನಿ. ಮನಿ ಕರೆಂಟ್ ಹಚ್ಚಬ್ಯಾಡ್ರಿ. ಮೂರ ದಿನಾ ಹುಳಿ ಆಗ್ಲಿಲ್ಲಂದ್ರ ಬರ್ತೀನಿ. ಹುಳಿ ಆತಂದ್ರ ಈ ಗಾಡಿ ಮಾರಿಬಿಡ್ರಿ."

ಅಂಕಲ್ ನನ್ನ ಮುಖ ನೋಡಿದರು. ನಾನು ಡೈರಿಯಲ್ಲಿ 'ಮೊಸರು' ಎಂದು ಹೊಸ ಕಾಲಂ ಎಳೆದೆ.

ಬುಧವಾರ, ಅಕ್ಟೋಬರ್ 1, ಆಯುಧಪೂಜೆಯ ದಿನವೇ ಪರೀಕ್ಷೆ ಶುರು. ಆಫೀಸಿಗೆ ಹೋಗುವ ಮುನ್ನ ಅಲ್ಲಿಗೆ ಹೋದೆ. ಆಂಟಿ ಸ್ಟೇರಿಂಗಿಗೆ, ಚಕ್ರಗಳಿಗೆ, ಸ್ಕ್ರೂಡ್ರೈವರಿಗೆ, ನನ್ನ ಮಲ್ಟಿಮೀಟರಿಗೆ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದರು. ಹಿತ್ತಿಲಿನಲ್ಲಿ ತಾವೇ ಬೆಳೆದ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಆರತಿ, ನಿಂಬೆಹಣ್ಣು, ಕೋಸಂಬರಿ. ಒಂಬತ್ತು ಗಂಟೆಗೆ ಬ್ಯಾಟರಿ ನೂರಕ್ಕೆ ನೂರು. ಎಲ್ಲರಿಗೂ ನಗು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ 65. ದಿನಕ್ಕೆ ಐದೋ ಆರೋ ಇಳಿಯಬಹುದೆಂದು ಲೆಕ್ಕ ಹಾಕಿದ್ದೆ. ಸಂಜೆ ಬಂದು ಇಪ್ಪತ್ತೆರಡು ಜೋಡಣೆಗಳನ್ನೂ ಬಿಗಿ ಮಾಡಿದೆ. ಶುಕ್ರವಾರ ಮನೆಯಿಂದಲೇ ಕೆಲಸ ಎಂದು ಹೇಳಿ ಲ್ಯಾಪ್‌ಟಾಪ್ ಸಮೇತ ಅಲ್ಲಿಗೇ ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ 29. ಮೋಡದ ಚೂರೂ ಇಲ್ಲದ ಬಿಸಿಲು. ಪ್ಯಾನೆಲಿನಿಂದ ಬರುತ್ತಿದ್ದುದು ಎರಡೇ ಆಂಪಿಯರ್. ಹೀಗೇ ಹೋದರೆ ಶನಿವಾರ ಬೆಳಗಾಗುವ ಹೊತ್ತಿಗೆ ಫ್ರಿಜ್ ನಿಲ್ಲುತ್ತದೆ.

"ಎಂತ ಮಾರಾಯ್ತಿ, ವೈರಿಂಗ್ ಸರಿ ಉಂಟಲ್ಲಾ?" ಅಂಕಲ್ ಮೆಲ್ಲಗೆ ಕೇಳಿದರು. ಗದರಿದ್ದರೆ ವಾಸಿಯಿತ್ತು.

ಜೋಡಣೆಗಳನ್ನು ಮತ್ತೆ ಬಿಚ್ಚುವ ಮೊದಲು ಡೈರಿ ತಿರುವಿ ಹಾಕಿದೆ. ಬುಧವಾರದ ಪುಟ. 8:10: ಪ್ಯಾನೆಲಿನಿಂದ ಐದು ಆಂಪಿಯರ್. 8:30: ಪೂಜೆ. ಮಾಲೆ ಎರಡು, ಒಂದು ಮುಂದೆ, ಒಂದು ಮೇಲೆ. 8:50: ಒಂದು ಆಂಪಿಯರ್. ಎಲ್ಲ ನನ್ನದೇ ದುಂಡಗಿನ ಅಕ್ಷರ. ಏಣಿಯ ಮೇಲಿದ್ದ ಅಂಕಲಿಗೆ ಆ ಮಾಲೆ ಎತ್ತಿಕೊಟ್ಟವಳೂ ನಾನೇ. ಎರಡು ದಿನ ಗಾಡಿಯ ಹೊಟ್ಟೆಯೊಳಗೆ ತಲೆ ತೂರಿಸಿದವಳು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಏಣಿ ಹತ್ತಿದೆ. ಪ್ಯಾನೆಲಿನ ಆ ಅಂಚಿನಿಂದ ಈ ಅಂಚಿಗೆ ದಪ್ಪ ಮಾಲೆ ಅಡ್ಡ ಮಲಗಿತ್ತು. ನಡುವೆ ಅಂಗೈಯಗಲ ಗಂಧ ಕುಂಕುಮ. ಬಿಸಿಲನ್ನು ಕರೆಂಟು ಮಾಡುವ ಪ್ಯಾನೆಲಿನ ಬಿಲ್ಲೆಗಳು ಒಂದರ ಹಿಂದೆ ಒಂದು ಜೋಡಿಸಿರುವಂಥವು. ನೀರಿನ ಪೈಪನ್ನು ಒಂದೇ ಕಡೆ ತುಳಿದರೂ ಹೇಗೆ ನೀರು ನಿಲ್ಲುತ್ತದೋ ಹಾಗೆ ಸ್ವಲ್ಪ ನೆರಳಾದರೂ ಸಾಲಿಗೆ ಸಾಲೇ ಸುಮ್ಮನಾಗುತ್ತದೆ.

"ಅದನ್ನ ತಗೀಬ್ಯಾಡ ತಂಗಿ!" ಕೆಳಗಿನಿಂದ ಆಂಟಿಯ ದನಿ. "ಪೂಜಿ ಮಾಡಿದ ಹೂವು ತಾನಾಗೇ ಒಣಗಬೇಕು."

ತೆಗೆಯಲಿಲ್ಲ. ಎರಡು ಕೈಯಲ್ಲಿ ಎತ್ತಿ ಹಿಡಿದು, ನೆರಳು ಬೀಳದಂತೆ ಪಕ್ಕಕ್ಕೆ ವಾಲಿದೆ. "ಅಂಕಲ್, ಮೀಟರ್ ಓದಿ."

"ಎಂಟು! ಎಂಟಾಯ್ತು ಮಾರಾಯ್ತಿ!"

ಮಾಲೆ ಇಳಿಸಿದೆ. "ಎರಡು." ಎತ್ತಿದೆ. "ಎಂಟು!" ನಾಲ್ಕು ಸಲ ಹೀಗೇ ಆಯಿತು. ಆಂಟಿ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದರು.

"ಅಂದ್ರ ಎರಡು ದಿನದಿಂದ ನನ್ನ ದೇವರು ಬಿಸಲಿಗೆ ಅಡ್ಡ ಕೂತಾನೇನು?"

"ದೇವರಲ್ಲ ಆಂಟಿ, ಚೆಂಡುಹೂ."

"ಹೂವಿಗೆ ಅಲ್ಲೇ ಕೂಡು ಅಂದಾಕಿ ನಾನಲ್ಲಾ?" ಅವರು ನಗಲು ಶುರುಮಾಡಿದರು. ಒಳಗಿನಿಂದ ಒದ್ದೆ ಬಟ್ಟೆ ತಂದು ಮೇಲೆ ಚಾಚಿದರು. "ಒರಸು. ಹೂವು ಕೆಳಗ ಕೊಡು, ಮುಂದ ಕಟ್ಟೂಣು. ದೇವರೂ ದಾರಿ ನೋಡ್ಕೋತ ಬರ್ಲಿ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಟರಿ 18. ಶಾಲೆಯಲ್ಲಾಗಿದ್ದರೆ ನಪಾಸು. ಆದರೆ ಫ್ರಿಜ್ ಒಂದು ಗಳಿಗೆಯೂ ನಿಂತಿರಲಿಲ್ಲ. ಆಂಟಿ ಚಮಚದಲ್ಲಿ ಮೊಸರು ತೆಗೆದು ಬಾಯಿಗಿಟ್ಟುಕೊಂಡರು. ಆಂಟಿ ಎರಡನೇ ಚಮಚ ತೆಗೆದುಕೊಂಡರು. ಮೂರನೆಯದನ್ನು ಗಂಡನ ಕೈಗೆ ಕೊಟ್ಟು, "ಏನ್ರೀ, ಎಲ್ಲಿಗೆ ಹೋಗೂದು?" ಎಂದರು. ಅಂಕಲ್ ಮೊಸರು ನುಂಗಿದರು. ಆ ದಿನದ ಕಾಲಮಿನಲ್ಲಿ ಬರೆದದ್ದು ಒಂದೇ ಪದ: ಸಿಹಿ.

ಅದೇ ತಿಂಗಳು ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಅವರು ಎರಡು ರಾತ್ರಿ ಕಳೆದು ಬಂದರು. ಇನ್ಸುಲಿನ್ ತಣ್ಣಗಿತ್ತು. ಆಂಟಿ ಕಳಿಸಿದ ಫೋಟೋಗಳು ಐವತ್ತೆಂಟು. ಅವುಗಳಲ್ಲಿ ಒಂಬತ್ತು ಫ್ರಿಜ್ಜಿನವು.

ಈಗ 9:25. ಇವತ್ತು ಎರಡನೇ ಪ್ಯಾನೆಲ್ ಕೂರಿಸುತ್ತೇವೆ. ಈ ಸಲ ಪೂಜೆಯ ಜಾಗ ಮೊದಲೇ ಗೊತ್ತುಮಾಡಿದ್ದೇನೆ: ಗಾಜಿನ ಮೇಲಲ್ಲ, ಅದರ ಅಲ್ಯೂಮಿನಿಯಂ ಚೌಕಟ್ಟಿನ ಮೂಲೆಯಲ್ಲಿ. ಇಂಥದ್ದಕ್ಕೆಲ್ಲ ನಗುತ್ತಿದ್ದವಳು ನಾನು. ಈಗ ಮಲ್ಟಿಮೀಟರನ್ನು ಒರೆಸದೆ ಹಾಗೆಯೇ ಚೀಲಕ್ಕೆ ಹಾಕಿದ್ದೇನೆ, ಪಕ್ಕದಲ್ಲಿ ಕುಂಕುಮದ ಡಬ್ಬಿ ಇಟ್ಟಿದ್ದೇನೆ.

ಒಂದು ತೊಡಕು ಮಾತ್ರ ಉಳಿದಿದೆ. ಹಳೆಯ ಪ್ಯಾನೆಲಿನ ಚೌಕಟ್ಟಿನ ಮೇಲೆ ಪ್ರಯೋಗ ನಡೆಸಿದ್ದೇನೆ: ನೀರಿನಲ್ಲಿ ಕಲೆಸಿದ ಕುಂಕುಮ ಎರಡು ದಿನ ನಿಂತಿತು, ತುಪ್ಪದಲ್ಲಿ ಒಂಬತ್ತು ದಿನ, ಕೊಬ್ಬರಿ ಎಣ್ಣೆಯದು ಚಳಿಗೆ ಗಟ್ಟಿಯಾಗಿ ಹದಿನೇಳನೆಯ ದಿನ ಚಕ್ಕೆಯೆದ್ದು ಹೋಯಿತು. ಇಲ್ಲಿಯ ಹಿಮ, ಮಳೆ ಎರಡನ್ನೂ ತಡೆದು ಒಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ಉಳಿಯಬೇಕಾದರೆ ಅದನ್ನು ಯಾವುದರಲ್ಲಿ ಕಲೆಸಬೇಕು? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಎಷ್ಟು ದಿನ ನಿಂತಿತೆಂಬುದನ್ನೂ ಮರೆಯದೆ ಸೇರಿಸಿ, ಕಾಲಂ ಎಳೆದಿಟ್ಟಿದ್ದೇನೆ.