ಎರಡು ಬೇಕಿತ್ತು

ಹಸಿ ಬಿದಿರು ಕಡಿದಾಗ ಎಳೆ ಸೌತೆಕಾಯಿ ಹೆಚ್ಚಿದಂಥ ಒಂದು ವಾಸನೆ ಬರುತ್ತದೆ. ಮೊನ್ನೆ ನಂತೂರಿನಲ್ಲಿ ಯಾರೋ ಪೆಂಡಾಲಿಗೆ ಬಿದಿರು ಕಡಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಬಸ್ಸನ್ನೂ ಬಿಟ್ಟು ನಿಂತುಬಿಟ್ಟೆ. ರಸ್ತೆ ಬದಿಯಲ್ಲಿ ಕಣ್ಣೊರೆಸಿಕೊಳ್ಳುವ ಮುದುಕಿಯನ್ನು ನೋಡಿ ಜನ ಏನಂದುಕೊಂಡರೋ! ನಿಮಗೂ ಹೀಗೆ ಆಗುವುದುಂಟಲ್ಲ?

ಐವತ್ತರ ದಶಕದಲ್ಲಿ ಕೊಟ್ಟಾರದ ನಮ್ಮ ಹಿತ್ತಿಲಿನ ಮನೆಯಲ್ಲಿ ಇದ್ದದ್ದು ಇಬ್ಬರೇ, ದೊಡ್ಡಮ್ಮ ಮತ್ತು ನಾನು. ಅಮ್ಮ ನನ್ನನ್ನು ಹೆತ್ತು ತೀರಿಕೊಂಡಿದ್ದರು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಅವರ ಕಾಗದ ಮಾತ್ರ ಬರುತ್ತಿತ್ತು. ಮನೆಯ ಹಿಂದೆ ದೊಡ್ಡದೊಂದು ಬಿದಿರು ಮೆಳೆ. ಈಗ ಮನೆಯೂ ಇಲ್ಲ, ಮೆಳೆಯೂ ಇಲ್ಲ, ಯಾವುದೋ ಆಫೀಸು ಇದೆ. ದೊಡ್ಡಮ್ಮ ಆ ಮೆಳೆಯನ್ನು ಹಸು ಸಾಕಿದಂತೆ ಸಾಕಿದ್ದರು. ಮಳೆಗೆ ಮುಂಚೆ ಬುಡಕ್ಕೆ ಮಣ್ಣೇರಿಸಿ ಒಲೆಯ ಬೂದಿ ಸುರಿಯುತ್ತಿದ್ದರು. ಮಳೆ ಜಡಿಯುವ ಆಟಿ ತಿಂಗಳಲ್ಲಿ ಕಣಿಲೆ, ಅಂದರೆ ಬಿದಿರಿನ ಎಳೆ ಮೊಳಕೆ, ನೆಲ ಸೀಳಿಕೊಂಡು ಬಂದಾಗ, ಮೊದಲು ಬಂದದ್ದನ್ನು ಬೆಳೆಯಲು ಬಿಟ್ಟು ತಡವಾಗಿ ಬಂದದ್ದನ್ನು ಮಾತ್ರ ಕೊಯ್ದು, ಮೂರು ದಿನ ನೀರು ಬದಲಿಸಿ ನೆನೆಸಿ, ಹೆಸರುಕಾಳು ಹಾಕಿ ಗಸಿ ಮಾಡುತ್ತಿದ್ದರು. ಬಿಳಿ ಹುಡಿ ಮೆತ್ತಿಕೊಂಡ ಬಿದಿರು ಎಳೆಯದು, ಹಳದಿ ತಿರುಗಿದ್ದು ಮುದಿ, ಕಡಿಯಬೇಕಾದ್ದು ನಡುವಿನದ್ದು ಎಂದು ನನಗೂ ಕಲಿಸಿದ್ದರು. ಅದೂ ಕೃಷ್ಣಪಕ್ಷದಲ್ಲಿ, ಇಲ್ಲದಿದ್ದರೆ ಹುಳ ಹಿಡಿಯುತ್ತದೆ.

ಪಕ್ಷ ನೋಡದೆ ಕಡಿಯುತ್ತಿದ್ದದ್ದು ಚಟ್ಟಕ್ಕೆ ಮಾತ್ರ. ಸುತ್ತಮುತ್ತ ಯಾರು ಸತ್ತರೂ ಹಸಿ ಬಿದಿರು ನಮ್ಮಲ್ಲಿಂದಲೇ ಹೋಗಬೇಕು. ಬಂದವರು ಗೇಟಿನ ಹೊರಗೇ ನಿಂತು "ಅಕ್ಕಾ, ಎರಡು ಬೇಕಿತ್ತು" ಅನ್ನುತ್ತಿದ್ದರು. ದೊಡ್ಡಮ್ಮ ಯಾರಿಗೆಂದು ಕೇಳುತ್ತಿರಲಿಲ್ಲ. ಬಿದಿರನ್ನು ಹೆಗಲಿಗೇರಿಸಿ ಹೊರಡುವಾಗ ಅವರು "ಬರ್ತೇನೆ" ಅನ್ನುತ್ತಿರಲಿಲ್ಲ, ನಾವೂ "ಹೋಗಿ ಬನ್ನಿ" ಅನ್ನುವಂತಿರಲಿಲ್ಲ. ವರ್ಷವಿಡೀ ನಮ್ಮ ಗೇಟಿಗೆ ಬರುತ್ತಿದ್ದ ಮನುಷ್ಯರೆಂದರೆ ಹೆಚ್ಚುಕಡಿಮೆ ಅವರೇ. ಅವರನ್ನು ಕಂಡರೆ ನನಗೆ ಎಂಥ ಖುಷಿ!

ಒಮ್ಮೆ ಹಾಗೆ ಬಂದವರೊಬ್ಬರು ನನ್ನ ತಲೆ ಸವರಿದರು. ಅವರು ಹೊರಟದ್ದೇ ನಾನು ಹಿಂದಿನಿಂದ ಕೂಗಿದೆ, "ಮಾಮಾ, ಇನ್ನೊಮ್ಮೆ ಬನ್ನಿ ಆಯ್ತಾ? ಬೇಗ ಬನ್ನಿ!" ಅವರು ಬಿದಿರು ಸಮೇತ ನಿಂತಲ್ಲೇ ನಿಂತರು. ದೊಡ್ಡಮ್ಮ ನನ್ನ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡು ಹೋದರು.

"ಎಂತ ಹೇಳಿದ್ದು ಮಾರಾಯ್ತಿ? ಅವರ ಮನೆಯಲ್ಲಿ ಇನ್ನೊಂದು ಹೆಣ ಬೀಳ್ಬೇಕಾ?"

"ನಮ್ಮಲ್ಲಿಗೆ ಬೇರೆ ಯಾರೂ ಬರುದೇ ಇಲ್ಲ ಅಲ್ವಾ ದೊಡ್ಡಮ್ಮಾ?"

ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಅಂದು ಅವರು ಊಟ ಮಾಡಲಿಲ್ಲ.

ನನಗೆ ಹದಿಮೂರು ತುಂಬಿದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ದೊಡ್ಡಮ್ಮ ಹೋದರು. ಬೆಳಗ್ಗೆ ಅಂಗಳ ತುಂಬ ಜನ. ಗೇಟು ದಾಟಿ ಬಂದರು, ಜಗಲಿಯಲ್ಲಿ ಕುಳಿತರು, ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಅಪ್ಪಿಕೊಂಡರು. ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಹಿತವಾಯಿತು. ಆಮೇಲೆ ಕತ್ತಿ ಹಿಡಿದ ಒಬ್ಬರು ಮೆಳೆಯ ಮುಂದೆ ನಿಂತು ನನ್ನನ್ನು ಕರೆದರು.

"ಯಾವುದು ಕಡಿಯುದು ಮಗಾ? ನಮಗೆ ಗೊತ್ತಾಗುದಿಲ್ಲ."

ಹುಡುಕಿ, ಇದ್ದುದರಲ್ಲಿ ನೆಟ್ಟಗಿನ ಎರಡನ್ನು ತೋರಿಸಿದೆ. ಕಡಿದು ನೆಲಕ್ಕೆ ಹಾಕಿದ ಮೇಲೆ, "ಎಷ್ಟುದ್ದ ಬೇಕಾದೀತು?" ಎಂದು ಅವರು ತಮ್ಮೊಳಗೇ ಮಾತಾಡಿಕೊಂಡರು.

"ನಾನೀಗ ದೊಡ್ಡಮ್ಮನಷ್ಟೇ ಉದ್ದ" ಅಂದವಳೇ ಬಿದಿರಿನ ಪಕ್ಕ ಮಲಗಿ ತೋರಿಸಿದೆ.

ಅಪಶಕುನವೆಂದು ಯಾರಾದರೂ ಬೈದಾರು ಎಂದು ಕಾದೆ. ಯಾರೂ ಬೈಯಲಿಲ್ಲ. ಬೈಯುವವರು ಒಳಗೆ ಚಾಪೆಯ ಮೇಲಿದ್ದರು.