ಗ್ರಾಫ್ ಹಾಳೆಯಲ್ಲಿ ಅವಳು ಬರೆದಿಟ್ಟ ಸರ್ವರ್

ನನ್ನ ಹೆಂಡತಿ ತೀರಿಕೊಂಡ ದಿನ ಮಗ್ಗದ ಮನೆಯ ಮೇನ್ ಸ್ವಿಚ್ ಇಳಿಸಿದವನು ನಾನೇ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸಾವಾದ ಮನೆಯ ಮಗ್ಗ ಹನ್ನೊಂದು ದಿನ ಆಡುವುದಿಲ್ಲ. ಸ್ವಿಚ್ ಇಳಿಸಿದ ಮೇಲೂ ಮೂಲೆಯ ಕಪಾಟಿನೊಳಗೆ ಏನೋ ಕೀಂಯ್ ಕೀಂಯ್ ಎನ್ನುತ್ತಲೇ ಇತ್ತು. ಅದು ಅವಳ ಯುಪಿಎಸ್. ಮಣ್ಣಿಗೆ ಬಂದವರಲ್ಲಿ ಯಾರೋ "ಅದರ ಬಾಯಿ ಮುಚ್ಚಿಸ್ರಪ್ಪಾ" ಎಂದರು. ನಾನು ಎದ್ದು ಹೋಗಿ ವೈರ್ ಕಿತ್ತೆ. ಕಪಾಟಿನಲ್ಲಿದ್ದ ಎರಡು ಕಂಪ್ಯೂಟರುಗಳ ಫ್ಯಾನ್ ತಿರುಗಿ ತಿರುಗಿ ನಿಂತಿತು. ಅವಳು ಅವನ್ನು ಕೂರಿಸಿ ಮೂರು ವರ್ಷವಾಗಿತ್ತು. ನನಗೆ ತಿಳಿದಂತೆ ಅವು ಅದುವರೆಗೆ ಒಂದು ದಿನವೂ ನಿಂತಿರಲಿಲ್ಲ.

ಅವಳು ನಮ್ಮೂರಿಗೆ ಹತ್ತಿರದ ವಿಜಯಪುರದವಳು, ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದೆ, ಅವಳು ಪಿಯುಸಿ ಮುಗಿಸಿದ್ದಳು. ಮದುವೆಯಾದ ಮೇಲೆ ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಬರೆಯುವುದನ್ನು ಕಲಿತಳು. ಬೀದಿಯ ಹತ್ತು ಮನೆಯ ಮಗ್ಗಗಳಿಗೆ ಅಂಚು, ಸೆರಗು, ಬುಟ್ಟ ಎಲ್ಲ ಅವಳದೇ. ಒಂದು ಸಲ ಕಂಪ್ಯೂಟರ್ ಕೆಟ್ಟು ಆರು ತಿಂಗಳ ಕೆಲಸ ಹೋಯಿತು. ಅವಳು ಅಳಲಿಲ್ಲ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗೆ ಹೋಗಿ ಎರಡು ದೊಡ್ಡ ಕಂಪ್ಯೂಟರುಗಳನ್ನು ಆರಿಸಿ, ಒಂದೊಂದಾಗಿ ಸರ್ಕಾರಿ ಬಸ್ಸಿನಲ್ಲೇ ತಂದಳು. ಎರಡನೆಯದನ್ನು ತರುವ ದಿನ ನಾನೂ ಜೊತೆಗಿದ್ದೆ.

"ಏನಮ್ಮಾ ಇದು, ಗ್ರೈಂಡರಾ?" ಎಂದು ಕಂಡಕ್ಟರ್ ಕೇಳಿದ.

"ಹೂಂ ಸಾರ್, ಇದ್ರಲ್ಲಿ ಸೀರೆ ರುಬ್ತೀವಿ" ಎಂದಳು. ಆತ ನಗುತ್ತಾ ಲಗೇಜ್ ಟಿಕೆಟ್ ಹರಿದ.

ಆ ಯಂತ್ರಗಳಿಗೆ ಅವಳು ಹಾಕಿದ್ದು, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶ. ಅದು ಒಂದು ಕಂಪ್ಯೂಟರಿನ ಒಳಗೆ ಹಲವು ಕಂಪ್ಯೂಟರುಗಳನ್ನು ನಡೆಸುತ್ತದೆ. ನನಗೆ ಅದು ತಲೆಗೆ ಹೋಗಲಿಲ್ಲ.

"ರೀ, ಒಂದೇ ಬಿಲ್ಡಿಂಗಲ್ಲಿ ನಾಲ್ಕು ಪೋರ್ಷನ್ ಇರಲ್ವಾ? ಹಂಗೇನೆ. ಒಂದ್ರಲ್ಲಿ ಡಿಸೈನ್ ಬರೆಯೋದು, ಒಂದ್ರಿಂದ ಮಗ್ಗಗಳಿಗೆ ಕಳ್ಸೋದು. ಒಂದು ಮನೆ ಕೆಟ್ರೆ ಇನ್ನೊಂದು ಮನೆಗೆ ಗೊತ್ತೇ ಆಗಲ್ಲ."

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಲ್ಯಾಪ್‌ಟಾಪಲ್ಲಿ. ಅಲ್ಲಿ ಮ್ಯಾನೇಜ್ಮೆಂಟ್ ಸರ್ವರ್ ಅಂತ ಒಂದು ಹಾಕಿದೀನಿ. ಯಾವ್ದು ಹಚ್ಬೇಕು, ಯಾವ್ದು ಆರಿಸ್ಬೇಕು, ಎಲ್ಲ ಅದೇ ನೋಡ್ಕೊಳ್ಳೋದು."

ತವರಿಗೆ ಹೋಗಿ ಸ್ಕೂಟರಿನಲ್ಲಿ ಮರಳುವಾಗ ಅವಳಿಗೆ ಅಪಘಾತವಾಯಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಪೊಲೀಸರು ಕೊಟ್ಟ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಎರಡು ಹೋಳಾಗಿತ್ತು.

ಹನ್ನೆರಡನೆಯ ದಿನ ಮಗ್ಗಕ್ಕೆ ಪೂಜೆ ಮಾಡಿ ಮೇನ್ ಎತ್ತಿದೆ. ಯುಪಿಎಸ್‌ನ ವೈರನ್ನೂ ಸಿಕ್ಕಿಸಿದೆ. ಎರಡೂ ಕಂಪ್ಯೂಟರುಗಳು ಎದ್ದವು. ಅವುಗಳ ಒಳಗೆ ಅವಳು ಪೋರ್ಷನ್ ಎಂದಿದ್ದ ಯಂತ್ರಗಳಲ್ಲಿ, ಮಗ್ಗಗಳಿಗೆ ಕಳುಹಿಸುವ ಯಂತ್ರ ತಾನಾಗಿ ಶುರುವಾಯಿತು. ಡಿಸೈನ್ ಬರೆಯುವ ಯಂತ್ರ ಮಾತ್ರ ಏಳಲಿಲ್ಲ. ಅವಳ ಅಷ್ಟೂ ವರ್ಷದ ಕೆಲಸ ಅದರಲ್ಲಿತ್ತು. ಕಡೆಯದಾಗಿ ಬರೆಯುತ್ತಿದ್ದ ಅಂಚೂ ಅದರೊಳಗೇ ಇತ್ತು. ನಲ್ಲೂರಿನ ಹುಣಸೆ ತೋಪಿಗೆ ನಾವಿಬ್ಬರೂ ಹೋಗಿ ಬಂದ ವಾರ ಅವಳು ಅದನ್ನು ಶುರುಮಾಡಿದ್ದಳು: ತೆಳ್ಳನೆಯ ಕಡ್ಡಿ, ಅದರ ಎರಡೂ ಕಡೆ ಸಾಲಾಗಿ ಹುಣಸೆ ಎಲೆ. ಮುಗಿಸಿದ್ದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅದನ್ನು ಯಾವ ಮಗ್ಗವೂ ಇನ್ನೂ ನೇಯ್ದಿರಲಿಲ್ಲ. ಅವಳು ತೆಗೆದಿಟ್ಟ ನಕಲುಗಳಿದ್ದರೂ ಅವೂ ಅದೇ ಕಪಾಟಿನೊಳಗಿದ್ದವು.

ಬೆಂಗಳೂರಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದೆ. ಆತ ಪರದೆ ಹಚ್ಚಿ ಬಹಳ ಹೊತ್ತು ನೋಡಿದ.

"ಯಾರು ಗುರು ಇದನ್ನ ಮಾಡಿದ್ದು? ಸಖತ್ತಾಗಿ ಮಾಡವ್ರೆ. ಆದ್ರೆ ಈ ಸಿಸ್ಟಮ್ ನಂಗೆ ಬರಲ್ಲ. ಎಲ್ಲಾ ಒರೆಸ್ಬಿಟ್ಟು ಹೊಸದಾಗಿ ಹಾಕ್ಕೊಡ್ತೀನಿ."

"ಒರೆಸಿದ್ರೆ ಒಳಗಿರೋದು?"

"ಹೋಯ್ತದೆ."

ಕಾಫಿ ಕೊಟ್ಟು ಕಳುಹಿಸಿದೆ.

ಆ ಹಾಳೆ ಸಿಕ್ಕಿದ್ದು ಅವಳ ಡಿಸೈನ್ ಪುಸ್ತಕಗಳ ನಡುವೆ. ತಲೆಬರಹ ಕನ್ನಡದಲ್ಲಿತ್ತು: "ಲ್ಯಾಪ್‌ಟಾಪ್ ಹೋದರೆ." ಕೆಳಗೆ, ನಾವು ಸೀರೆಯ ಡಿಸೈನ್ ಗುರುತಿಸುವ ಸಣ್ಣ ಚೌಕದ ಗ್ರಾಫ್ ಹಾಳೆಯ ಮೇಲೆ, ಚೌಕಕ್ಕೊಂದರಂತೆ ಇಂಗ್ಲಿಷ್ ಅಕ್ಷರಗಳು. ಎಲ್ಲಿ ಜಾಗ ಬಿಡಬೇಕೋ ಅಲ್ಲಿ ಒಂದು ಖಾಲಿ ಚೌಕ. ಚುಕ್ಕಿಗೂ ಒಂದು ಚೌಕ, ಅಡ್ಡಗೆರೆಗೂ ಒಂದು ಚೌಕ. ಇಂಗ್ಲಿಷ್ ಸರಿಯಾಗಿ ಬಾರದವನೂ ಎಣಿಸಿಕೊಂಡು ಒತ್ತಬಹುದಾಗಿತ್ತು. ಹಿಂಬದಿಯಲ್ಲಿ ಗುಪ್ತಪದಗಳು. ನಡುಮನೆಯಲ್ಲಿದ್ದ ಇನ್ನೊಂದು ಹಳೇ ಕಂಪ್ಯೂಟರಿನಲ್ಲಿ ಹೊಸ ಮ್ಯಾನೇಜ್ಮೆಂಟ್ ಸರ್ವರ್ ಕಟ್ಟುವ ದಾರಿ ಅದು. ಅದಕ್ಕೆ ಬೇಕಾದ ತಳಪಾಯದ ತಂತ್ರಾಂಶವನ್ನೂ ಅವಳು ಆ ಕಂಪ್ಯೂಟರಿಗೆ ಮೊದಲೇ ಹಾಕಿಟ್ಟಿದ್ದಳು.

ನಾನು ಒಂದು ಬೆರಳಿನಲ್ಲಿ ಒತ್ತಲು ಕುಳಿತೆ. ಪ್ರತಿ ಸಾಲಿಗೂ ಕಂಪ್ಯೂಟರ್ ಇಲ್ಲ ಎಂದೇ ಹೇಳಿತು. ಅಂಥ ಪುಟ ಇಲ್ಲ, ಅಂಥ ಕಡತ ಇಲ್ಲ, ಅಂಥ ಆಜ್ಞೆ ಇಲ್ಲ. ಎರಡು ಮಧ್ಯಾಹ್ನ ಹೀಗೇ ಹೋಯಿತು. ಅವಳು ಏನೋ ಮರೆತು ಬರೆದಿದ್ದಾಳೆ ಎಂದುಕೊಂಡೆ. ಅವಳು ಹೋದ ಮೇಲೆ ಮೊದಲ ಸಲ ಅವಳ ಮೇಲೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವಳು ಇದೊಂದನ್ನು ಸರಿಯಾಗಿ ಬರೆದಿಡಬಾರದಿತ್ತೇ?

ಮೂರನೆಯ ದಿನ ಎದುರುಮನೆಯ ಸೊಸೆ ಬಂದಳು. ಅವರ ಮನೆಯ ಮೂರು ಮಗ್ಗಗಳೂ ನನ್ನ ಹೆಂಡತಿಯ ಡಿಸೈನಿನ ಮೇಲೆಯೇ ನಡೆಯುತ್ತವೆ. ಅವಳು ನನ್ನ ಹೆಗಲ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಅಣ್ಣಾ, ಯಾಕೆ ಕೆಳಗಿಂದ ಹೊಡೀತಿದೀರಾ?"

"ಗ್ರಾಫ್ ಅಲ್ವೇನಮ್ಮಾ ಇದು?"

"ಅಯ್ಯೋ ಅಣ್ಣಾ! ಹಾಳೆ ಗ್ರಾಫ್‌ದು ಕಣಣ್ಣಾ, ಬರ್ದಿರೋದು ಸೀರೆ ಅಲ್ಲ. ಕಾಗದ ಬರ್ದಂಗೆ ಬರ್ದವ್ರೆ ಅಕ್ಕ. ಮೇಲಿಂದ ಬನ್ನಿ."

ಬಟ್ಟೆ ಮಗ್ಗದ ಮೇಲೆ ಮೊದಲ ಎಳೆಯಿಂದ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ ಡಿಸೈನಿನ ಗ್ರಾಫನ್ನು ನಾವು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತೇವೆ. ಇಪ್ಪತ್ತೈದು ವರ್ಷ ಹಾಗೆ ಓದಿದ ನನ್ನ ಕಣ್ಣು ಆ ಹಾಳೆ ಕಂಡ ಕೂಡಲೇ ಕೆಳಗಿನ ಸಾಲಿಗೇ ಹೋಗಿತ್ತು. ಕಟ್ಟಿ ಮುಗಿದ ಮೇಲೆ ತೆರೆಯಬೇಕಾದ ಬಾಗಿಲನ್ನು ನಾನು ಪಾಯ ತೋಡುವ ಮೊದಲೇ ತಟ್ಟುತ್ತಿದ್ದೆ. ಎದುರುಮನೆಯ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಡುಗೆಮನೆಯಿಂದ ಅಮ್ಮ, "ಏನ್ಲಾ ಮಾಡ್ದೆ?" ಎಂದು ಕೇಳಿದರು. ಹೇಳಿದೆ. "ನಿನ್ನ ಹಣೆಬರಾನೇ ಉಲ್ಟಾ ಕಣ್ಲಾ" ಎಂದು ಅವರೂ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಮೇಲಿನಿಂದ ಶುರುಮಾಡಿದೆ. ಈಗ ಕಂಪ್ಯೂಟರ್ ಒಂದು ಸಾಲಿಗೂ ಎದುರಾಡಲಿಲ್ಲ. ಬೇಕಾದ ಭಾಗಗಳನ್ನು ಇಂಟರ್‌ನೆಟ್ಟಿನಿಂದ ತಾನೇ ತರಿಸಿಕೊಂಡಿತು, ತಾನೇ ಜೋಡಿಸಿಕೊಂಡಿತು. ಪರದೆಯ ಮೇಲೆ ಅಕ್ಷರಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಹರಿದವು. ಎಲ್ಲೆಲ್ಲಿಯವರೋ ಕೂತು ಇದನ್ನೆಲ್ಲ ಬರೆದು, ಯಾರಿಗೂ ಬೀಗ ಹಾಕದೆ ಇಟ್ಟಿದ್ದಾರೆ ಎಂದು ಅವಳು ಹೇಳುತ್ತಿದ್ದದ್ದು ನನಗೆ ಆವತ್ತು ಅರ್ಥವಾಯಿತು. ಅವರ ಮುಖ ನಾನು ಕಂಡಿಲ್ಲ. ಕಂಡಿದ್ದರೆ ಕೈ ಮುಗಿಯುತ್ತಿದ್ದೆ.

ಕಡೆಯ ಸಾಲು ಒತ್ತಿದಾಗ ಕೆಂಪು ಎಚ್ಚರಿಕೆಯ ಪುಟವೊಂದು ಬಂತು. ಈ ಜಾಗ ಸುರಕ್ಷಿತವಲ್ಲ, ಹಿಂದೆ ಹೋಗಿ ಎಂದಿತ್ತು. ಹಾಳೆ ತಿರುಗಿಸಿ ನೋಡಿದೆ. ಗುಪ್ತಪದಗಳ ಕೆಳಗೆ, ಅದುವರೆಗೆ ನನ್ನ ಕಣ್ಣಿಗೆ ಬೀಳದಷ್ಟು ಮಾಸಲಾಗಿ, ಪೆನ್ಸಿಲಿನಲ್ಲಿ ಬರೆದಿದ್ದಳು: "ರೀ, ಕೆಂಪು ಪುಟ ಬಂದರೆ ಹೆದರಬೇಡಿ. ಇದು ನಮ್ಮದೇ ಮನೆ. ಮುಂದಕ್ಕೆ ಹೋಗಿ."

ಆ ಹಾಳೆಯನ್ನು ಅವಳು ತನಗೆಂದು ಬರೆದುಕೊಂಡಿದ್ದಾಳೆ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಮುಂದಕ್ಕೆ ಹೋದೆ. ಕಪಾಟಿನ ಎರಡು ಕಂಪ್ಯೂಟರುಗಳ ವಿಳಾಸ, ಗುಪ್ತಪದ ಕೊಟ್ಟೆ. ಅವುಗಳ ಒಳಗಿನ ಎಲ್ಲ ಯಂತ್ರಗಳ ಹೆಸರುಗಳು ಒಂದೊಂದಾಗಿ ಪರದೆಗೆ ಬಂದವು. ಹೆಸರಿನ ಕೆಳಗೆ ಅವಳ ಮಾತು. ಒಂದರ ಕೆಳಗೆ "ಇದನ್ನು ಆರಿಸಿದರೆ ಹತ್ತು ಮನೆ ಮಗ್ಗಕ್ಕೆ ಹೊಸ ಡಿಸೈನ್ ಹೋಗಲ್ಲ, ಕೇಳಿ ಆರಿಸಿ" ಎಂದಿತ್ತು. ಡಿಸೈನ್ ಯಂತ್ರದ ಕೆಳಗೆ "ಇದು ತಾನಾಗಿ ಏಳಲ್ಲ, ನಾನೇ ಎಬ್ಬಿಸೋದು" ಎಂದಿತ್ತು. ಕಾರಣ ಅಷ್ಟೇ. ಯಾವುದೂ ಕೆಟ್ಟಿರಲಿಲ್ಲ. ಈ ಮಾತುಗಳು ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಕಪಾಟಿನ ಯಂತ್ರಗಳೊಳಗೇ ಇದ್ದವು. ಅದಕ್ಕೇ ಉಳಿದಿದ್ದವು. ಡಿಸೈನ್ ಯಂತ್ರವನ್ನು ಎಬ್ಬಿಸಲು ಇನ್ನೂ ಸುಲಭದ ದಾರಿ ಇತ್ತೆಂದು ಎಷ್ಟೋ ದಿನದ ಮೇಲೆ ತಿಳಿಯಿತು. ಆದರೆ ಅವಳು ಬರೆದಿಟ್ಟ ದಾರಿಯಲ್ಲೇ ಹೋದದ್ದಕ್ಕೆ ನನಗೆ ಬೇಸರವಿಲ್ಲ.

ಶುರುವಿನ ಗುಂಡಿ ಒತ್ತಿದೆ. ಯಂತ್ರದ ಗುರುತು ಹಸಿರಾಯಿತು. ಒಳಗೆ ಹೋಗಿ ಅವಳ ಕಡೆಯ ಡಿಸೈನ್ ತೆರೆದೆ. ಹುಣಸೆ ಎಲೆಯ ಅಂಚು ಮುಗಿದಿತ್ತು. ಮೂಲೆ ತಿರುಗುವಲ್ಲಿ ಎಲೆಗಳು ಕಿರಿದಾಗುತ್ತಾ ಹೋಗಿ ಸೆರಗಿಗೆ ಸೇರುವ ಹಾಗೆ ಬರೆದಿದ್ದಳು. ಅಷ್ಟು ವರ್ಷ ನೇಯ್ದರೂ ನನಗೆ ಅಂಥದ್ದೊಂದು ತೋಚುತ್ತಿರಲಿಲ್ಲ.

ಮಾರನೆಯ ದಿನ ಡಿಸೈನ್ ಯಂತ್ರ ತಾನಾಗಿ ಏಳುವಂತೆ ಗುರುತು ಹಾಕಿದೆ. ಆಮೇಲೆ ಬಳಸುವವರ ಪಟ್ಟಿ ತೆರೆದೆ. ಅದರಲ್ಲಿ ನಾನೊಬ್ಬನೇ ಇದ್ದೆ. ಮೊದಲು ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅವಳೊಬ್ಬಳೇ ಇದ್ದಳು, ಈಗ ನಾನೊಬ್ಬನೇ. ಎದುರುಮನೆಯ ಸೊಸೆಯನ್ನು ಕರೆದು ಅವಳ ಹೆಸರು ಸೇರಿಸಿದೆ.

"ಗುಪ್ತಪದ ನೀನೇ ಹಾಕ್ಕೊಳಮ್ಮ."

"ಆ ಕಡೆ ತಿರುಗಿ ಅಣ್ಣಾ ಮತ್ತೆ!"

ತಿರುಗಿ ಕುಳಿತೆ. ಅವಳು ಮೊದಲು ತೆರೆದದ್ದು ಹುಣಸೆ ಎಲೆಯ ಅಂಚನ್ನೇ.

"ಅಕ್ಕ ಚೆನ್ನಾಗಿ ಮಾಡವ್ರೆ. ಆದ್ರೆ ಎಲೆ ಬಾಳ ಒತ್ತೊತ್ತಾಗಿದೆ ಅಣ್ಣಾ, ನಮ್ಮ ನೂಲಿಗೆ ಒಂದಕ್ಕೊಂದು ಅಂಟ್ಕೊಂಬಿಡ್ತದೆ. ಮಧ್ಯೆ ಒಂದೊಂದು ಚೌಕ ಖಾಲಿ ಬಿಡ್ಲಾ?"

ಪರದೆಗೆ ಬಾಗಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ನನ್ನ ಹೆಂಡತಿ ಮಗ್ಗದ ಮೇಲೆ ಒಂದು ಮೊಳ ನೇಯಿಸಿ ನೋಡಿದ್ದರೆ ತಾನೇ ತಿದ್ದುತ್ತಿದ್ದಳು.

"ಅವಳು ಬರ್ದಿದ್ದು ಹಂಗೇ ಇರ್ಲಿ, ಅದರದೊಂದು ಕಾಪಿ ತಗೊಳಮ್ಮ" ಎಂದೆ. "ಕಾಪಿಯಲ್ಲಿ ಚೌಕ ಬಿಡು."

ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.